‘ನಿಮಗೆ ಹೇಗೆ ಗೊತ್ತು?’: ಕಲಾ ಮಾರುಕಟ್ಟೆಯ ವರದಿಗಾರನಿಗೆ ಬರೆಯುವ ಮುನ್ನ

(ಮೈಸೂರಿನಲ್ಲಿ ಕಲಾವಿದರು, ಗ್ಯಾಲರಿ ನಡೆಸುವವರು ಹಾಗೂ ಕಲಾ ವಿದ್ಯಾರ್ಥಿಗಳೆದುರು ಆಡಿದ ಮಾತಿನ ಬರಹ ರೂಪ)

ಕೆಲವು ವರ್ಷಗಳ ಹಿಂದೆ ನನಗೊಂದು ಚಿತ್ರ ಪ್ರದರ್ಶನದ ಆಹ್ವಾನ ಪತ್ರಿಕೆ ಬಂತು. ಮೈಸೂರಿನದೇ, ಇಮೇಲಿನಲ್ಲಿ. ಉದ್ಘಾಟಕರ ಹೆಸರಿತ್ತು, ಅಧ್ಯಕ್ಷತೆ ವಹಿಸುವವರದಿತ್ತು, ಘನ ಉಪಸ್ಥಿತಿ ಮೂವರದು, ಮುಖ್ಯ ಅತಿಥಿಗಳು ಐವರು, ವಿಶೇಷ ಆಹ್ವಾನಿತರು ಇನ್ನೂ ನಾಲ್ವರು. ಪ್ರಾರ್ಥನೆ ಯಾರದು, ವಂದನಾರ್ಪಣೆ ಯಾರದು, ಅದನ್ನೂ ಬಿಟ್ಟಿರಲಿಲ್ಲ. ಚಿತ್ರ ಬರೆದವನ ಹೆಸರಿಗಾಗಿ ಹುಡುಕಿದೆ. ಸಿಕ್ಕಿತು, ಕಟ್ಟಕಡೆಗೆ, ಮುದ್ರಣಾಲಯದ ಹೆಸರಿಗಿಂತ ಒಂದು ಸಾಲು ಮೇಲೆ. ಚಿತ್ರ ಮಾತ್ರ ಒಂದೂ ಇರಲಿಲ್ಲ.

ನಗುತ್ತಿದ್ದೀರಿ, ಆದರೆ ಇಲ್ಲಿ ಕೂತಿರುವ ಅರ್ಧ ಜನ ಇಂಥದ್ದನ್ನು ಅಚ್ಚು ಹಾಕಿಸಿದವರೇ. ಅದು ನಮ್ಮೂರ ಪದ್ಧತಿ, ತಪ್ಪು ಅನ್ನುವುದಿಲ್ಲ. ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎಂದು ನನಗೂ ಗೊತ್ತು. ನನ್ನ ತಂಗಿಯ ಮದುವೆ ಪತ್ರಿಕೆಯಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿ, ಅವರು ಇವತ್ತಿಗೂ ನಮ್ಮ ಹೊಸಿಲು ತುಳಿದಿಲ್ಲ. ಆ ಕಾರ್ಡನ್ನು ಅಚ್ಚು ಹಾಕಿಸಿದ್ದು ಅದರಲ್ಲಿ ಹೆಸರಿದ್ದವರಿಗಾಗಿ. ನಾನು ಆಗ ಲಂಡನ್ನಿನಲ್ಲಿ ಕೂತು ಕಲಾ ಮಾರುಕಟ್ಟೆಯ ವರದಿ ಬರೆಯುತ್ತಿದ್ದದ್ದು ಬೇರೆಯದೇ ಜನಕ್ಕೆ. ಜಿನೀವಾದ ಗೋದಾಮಿನಲ್ಲಿ ಚಿತ್ರಗಳನ್ನು ಪೆಟ್ಟಿಗೆಯಲ್ಲೇ ಇಟ್ಟು ಬಾಡಿಗೆ ಕಟ್ಟುವ ಸಂಗ್ರಾಹಕ, ನ್ಯೂಯಾರ್ಕಿನ ವಕೀಲ, ಹಾಂಗ್‌ಕಾಂಗಿನ ಹರಾಜು ಮನೆಯಲ್ಲಿ ಕೆಲಸ ಮಾಡುವ ಹುಡುಗಿ, ವಿಮಾ ಕಂಪನಿಯವನು. ಯಾವುದು ಕೈ ಬದಲಾಯಿಸಿತು, ಎಷ್ಟಕ್ಕೆ, ಯಾರಿಂದ ಯಾರಿಗೆ, ಅದರಲ್ಲಿ ಏನಾದರೂ ಎಡವಟ್ಟಿದೆಯೇ. ಅವರು ಪತ್ರಿಕೆಗೆ ದುಡ್ಡು ಕೊಡುವುದು ಇಷ್ಟಕ್ಕೆ. ನಿಮ್ಮ ಮುಖ್ಯ ಅತಿಥಿ ಯಾರಾದರೂ ಅವರಿಗೇನು?

ಕಲಾ ವಿಮರ್ಶಕ ಬೇರೆ, ಮಾರುಕಟ್ಟೆಯ ವರದಿಗಾರ ಬೇರೆ. ಒಬ್ಬ ಬೆಲ್ಲದ ರುಚಿ ನೋಡಿ ಹೇಳುವವನು, ಇನ್ನೊಬ್ಬ ಮಂಡಿಯ ಚೀಟಿ ಓದುವವನು. ನಾನು ಚೀಟಿ ಓದುವವನು. ನಿಮ್ಮ ಬಣ್ಣ ಎಷ್ಟು ಚೆನ್ನ, ಗೆರೆ ಎಷ್ಟು ಚೆನ್ನ ಎಂದು ನನಗೆ ಎರಡು ಪುಟ ಬರೆದರೆ ಅದು ತಪ್ಪು ವಿಳಾಸಕ್ಕೆ ಹೋದ ಕಾಗದ.

ಬೆಲ್ಲದ ಮಾತು ಬಂತು, ಸ್ವಲ್ಪ ಅದನ್ನೇ ಹೇಳುತ್ತೇನೆ. ನಮ್ಮೂರು ಮಂಡ್ಯದ ಪಕ್ಕ. ಅಪ್ಪ ಆಲೆಮನೆಯಲ್ಲಿ ಅಚ್ಚು ಬೆಲ್ಲ ಮಾಡಿಸಿ ಗಾಡಿ ಮೇಲೆ ಮಂಡಿಗೆ ಹೊಡೆಯುತ್ತಿದ್ದರು. ನಾನೂ ಹಿಂದೆ ಕೂತು ಹೋಗುತ್ತಿದ್ದೆ. ಬೆಲ್ಲ ಕೆಳಗಿಳಿಸಿದ ಮೇಲೆ ದಲ್ಲಾಳಿಗಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬೆಲೆ ಕೂಗುವರು. ಅಷ್ಟು ದೊಡ್ಡ ಮೊತ್ತ ಕೇಳಿ ನಾನು ಕುಣಿದಾಡುತ್ತಿದ್ದೆ. ಆಮೇಲೆ ಚೀಟಿ ಬರೋದು. ಕಮಿಷನ್ ಇಷ್ಟು, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಯಾವುದೋ ಧರ್ಮಕಾರ್ಯಕ್ಕೆ ಇಷ್ಟು. ಅಪ್ಪ ಹೇಳೋರು: “ಕೂಗುದ್ದೆಷ್ಟು ಅಂತ ಕೇಳ್ಬ್ಯಾಡ ಕಣ್ಲಾ, ಜೋಬಿಗ್ ಬಿದ್ದುದ್ದೆಷ್ಟು ಅಂತ ಕೇಳು.”

ಲಂಡನ್ನಿನಲ್ಲಿ ಕ್ರಿಸ್ಟೀಸ್‌ನ ಹರಾಜು ಕೋಣೆಯಲ್ಲಿ ಮೊದಲ ಸಲ ಕೂತಾಗ ನನಗೆ ನೆನಪಾದದ್ದು ಈ ಮಾತೇ. 2017ರ ನವೆಂಬರಿನಲ್ಲಿ ಲಿಯೊನಾರ್ಡೊ ಡ ವಿಂಚಿಯದೆಂದು ಹೇಳುವ ‘ಸಾಲ್ವತೋರ್ ಮುಂಡಿ’ 45 ಕೋಟಿ ಡಾಲರಿಗೆ ಹೋಯಿತೆಂದು ಜಗತ್ತೆಲ್ಲ ಬರೆಯಿತು. ನ್ಯೂಯಾರ್ಕಿನ ಕ್ರಿಸ್ಟೀಸ್ ಕೋಣೆಯಲ್ಲಿ ಸುತ್ತಿಗೆ ಬಿದ್ದದ್ದು, ಅಂದರೆ ಕೂಗು ನಿಂತದ್ದು, 40 ಕೋಟಿಗೆ. ಮಿಕ್ಕ 5 ಕೋಟಿ 3 ಲಕ್ಷ ಡಾಲರು ಕೊಂಡವನು ಹರಾಜು ಮನೆಗೆ ತೆತ್ತ ಶುಲ್ಕ. ಮಾರಿದವನ ಕೈಗೆ ಬಂದದ್ದು ಇನ್ನೊಂದೇ ಲೆಕ್ಕ. ಅಂದಹಾಗೆ ಅದೇ ಚಿತ್ರ 1958ರಲ್ಲಿ ಲಂಡನ್ನಿನಲ್ಲೇ 45 ಪೌಂಡಿಗೆ ಹೋಗಿತ್ತು. ಆಗ ಅದನ್ನು ಲಿಯೊನಾರ್ಡೊನದೆಂದು ಯಾರೂ ಹೇಳಿರಲಿಲ್ಲ.

ಇನ್ನೊಂದು ಮೋಸ ಇದೆ. ಹರಾಜಿಗೆ ಮುಂಚೆ ಪ್ರಕಟಿಸುವ ಅಂದಾಜು ಬೆಲೆಯಲ್ಲಿ ಈ ಶುಲ್ಕ ಸೇರಿರುವುದಿಲ್ಲ, ಹರಾಜಾದ ಮೇಲೆ ಪ್ರಕಟಿಸುವ ಬೆಲೆಯಲ್ಲಿ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲವೂ ಅಂದಾಜು ಮೀರಿ ಹೋದಂತೆ ಕಾಣುತ್ತದೆ. ಹಾಗಾಗಿ ಯಾರಾದರೂ ‘ಈ ಕಲಾವಿದರ ಕೃತಿ ಒಂದು ಕೋಟಿಗೆ ಹೋಗಿದೆ’ ಎಂದು ನನಗೆ ಬರೆದರೆ ಮೊದಲ ಪ್ರಶ್ನೆ, ಯಾವ ಕೋಟಿ? ಸುತ್ತಿಗೆ ಬಿದ್ದದ್ದೋ, ಶುಲ್ಕ ಸೇರಿದ್ದೋ, ಗ್ಯಾಲರಿಯವರು ಬಾಯಲ್ಲಿ ಹೇಳಿದ್ದೋ? ಎರಡನೆಯ ಪ್ರಶ್ನೆ, ನಿಮಗೆ ಹೇಗೆ ಗೊತ್ತು?

ನಾನು ಇವತ್ತು ಹೇಳಲು ಬಂದದ್ದು ಈ ಎರಡನೆಯ ಪ್ರಶ್ನೆಯನ್ನೇ. ನಿಮ್ಮ ಕಾಗದದ ಎರಡನೇ ಸಾಲಿನಲ್ಲಿ ಅದಕ್ಕೆ ಉತ್ತರವಿದ್ದರೆ ನಾನು ಮೂರನೆಯದನ್ನು ಓದುತ್ತೇನೆ.

ಸುದ್ದಿಮನೆಯಲ್ಲಿ ನಾವು ಪಿಚ್ ಅನ್ನುತ್ತೇವೆ. ಮಾನಸ ಗಂಗೋತ್ರಿಯ ಕ್ರಿಕೆಟ್ ಮೈದಾನದ್ದಲ್ಲ. ‘ಇದು ಸುದ್ದಿ, ಯಾಕೆಂದರೆ ಹೀಗೆ, ನನಗೆ ಗೊತ್ತಾದದ್ದು ಹೀಗೆ’ ಎಂದು ವರದಿಗಾರನ ಮುಂದಿಡುವ ನಾಲ್ಕು ಸಾಲು. ವರದಿಗಾರ ಅದನ್ನೇ ಇನ್ನಷ್ಟು ಚಿಕ್ಕದು ಮಾಡಿ ತನ್ನ ಸಂಪಾದಕರ ಮುಂದಿಡುತ್ತಾನೆ. ನಿಮ್ಮಿಂದ ನನಗೆ ಒಂದು ಪುಟ, ನನ್ನಿಂದ ಅವರಿಗೆ ಒಂದು ವಾಕ್ಯ. ಆ ಒಂದು ವಾಕ್ಯ ನಿಮ್ಮ ಪುಟದಲ್ಲಿ ನನಗೆ ಸಿಗದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತಿರಬೇಕು. ಇಟಲಿಯ ಮೌರಿಜಿಯೊ ಕಟೆಲಾನ್ 2019ರಲ್ಲಿ ಮಯಾಮಿಯ ಕಲಾ ಮೇಳದಲ್ಲಿ ಒಂದು ಬಾಳೆಹಣ್ಣನ್ನು ಗೋಡೆಗೆ ಟೇಪು ಹಾಕಿ ಅಂಟಿಸಿದ. 2024ರ ನವೆಂಬರಿನಲ್ಲಿ ಸದಬೀಸ್‌ನ ನ್ಯೂಯಾರ್ಕ್ ಹರಾಜಿನಲ್ಲಿ ಅದು 62 ಲಕ್ಷ ಡಾಲರಿಗೆ ಹೋಯಿತು. ಕೊಂಡದ್ದು ಕ್ರಿಪ್ಟೊ ಉದ್ಯಮಿ. ಹಣ್ಣಂತೂ ಕೊಳೆಯುತ್ತದೆ, ಕೈಗೆ ಬರುವುದು ಪ್ರಮಾಣಪತ್ರ ಮತ್ತು ಅಂಟಿಸುವ ವಿಧಾನ. ನಂಜನಗೂಡು ರಸಬಾಳೆಯಾಗಿದ್ದರೆ ನಾನೂ ಸ್ವಲ್ಪ ಒಪ್ಪುತ್ತಿದ್ದೆ. ಅದು ಈಗ ಸಿಗುವುದೇ ಅಪರೂಪ, ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆ ಎಂದು ಕೊಡುವುದರಲ್ಲಿ ನಿಜವಾದದ್ದು ಎಷ್ಟೋ! ಅದರದೇ ಒಂದು ಪ್ರೊವೆನೆನ್ಸ್, ಅಂದರೆ ಎಲ್ಲಿಂದ ಯಾರ ಕೈದಾಟಿ ಬಂತು ಎಂಬ ಪ್ರಶ್ನೆ ಇದೆ, ಇರಲಿ.

ಮಾರನೆಯ ದಿನ ಜಗತ್ತಿನ ಪತ್ರಿಕೆಗಳೆಲ್ಲ ಬರೆದದ್ದು ಒಂದೇ. ಬೆಲೆ, ಕೊಂಡವನು, ಜನರ ನಗು. ನಾನೂ ಅದನ್ನೇ ಬರೆದೆ. ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ್ತಿಯೊಬ್ಬರು ಮಾತ್ರ ಆ ಹಣ್ಣನ್ನು ಎಲ್ಲಿಂದ ತಂದರು ಎಂದು ಹುಡುಕಿಕೊಂಡು ಹೋದರು. ಹರಾಜು ಮನೆಯ ಹೊರಗಿನ ತಳ್ಳುಗಾಡಿ. ಬೆಲೆ 35 ಸೆಂಟ್. ಮಾರಿದವರು ಬಾಂಗ್ಲಾದೇಶದಿಂದ ಬಂದ, ಎಪ್ಪತ್ತು ದಾಟಿದ ಮುದುಕರು. ತಾನು ಮಾರಿದ ಹಣ್ಣು ಎಷ್ಟಕ್ಕೆ ಹೋಯಿತೆಂದು ವರದಿಗಾರ್ತಿಯ ಬಾಯಿಂದ ಕೇಳಿ ಅವರು ಅತ್ತುಬಿಟ್ಟರು. ಆ ಹರಾಜಿನ ಬಗ್ಗೆ ಇವತ್ತು ಜನರ ಮನಸ್ಸಿನಲ್ಲಿ ಉಳಿದಿರುವುದು ಆ ಕಣ್ಣೀರು. ನನ್ನ ವರದಿ ನನಗೇ ನೆನಪಿಲ್ಲ.

ಇದನ್ನು ಯಾಕೆ ಹೇಳಿದೆ? ಆ ತಳ್ಳುಗಾಡಿ ಸದಬೀಸ್‌ನ ಬಾಗಿಲಲ್ಲೇ ಇತ್ತು. ಒಳಗೆ ಕೂತಿದ್ದ ನಮ್ಮಂಥವರಿಗೆ ಕಾಣಲಿಲ್ಲ. ಜಾಗತಿಕ ಮಾರುಕಟ್ಟೆ ಅನ್ನುವುದು ಎಲ್ಲೋ ಮೇಲಿನ ಲೋಕದಲ್ಲಿ ನಡೆಯುವ ವ್ಯಾಪಾರ, ಮೈಸೂರಿನಲ್ಲಿ ಕೂತ ನಮಗೇನು ಗೊತ್ತು ಎಂದು ನೀವು ಅಂದುಕೊಳ್ಳುತ್ತೀರಿ. ನನ್ನ ಅನುಭವ ಬೇರೆ. ಅದರ ಒಂದು ತುದಿ ಯಾವಾಗಲೂ ಯಾವುದಾದರೂ ಊರಿನ ಮಣ್ಣಿನಲ್ಲಿ ಹೂತಿರುತ್ತದೆ.

ಶ್ರೀರಂಗಪಟ್ಟಣವನ್ನೇ ತಗೊಳ್ಳಿ. 2023ರ ಮೇ 23ರಂದು ಲಂಡನ್ನಿನ ಬೊನಾಮ್ಸ್‌ನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ ಹರಾಜಾಯಿತು. ಅಂದಾಜು 15ರಿಂದ 20 ಲಕ್ಷ ಪೌಂಡ್. ಹೋದದ್ದು ಶುಲ್ಕ ಸೇರಿ 1 ಕೋಟಿ 40 ಲಕ್ಷ ಪೌಂಡಿಗೆ. ಆ ವಾರ ನನಗೆ ನಮ್ಮ ಕಡೆಯಿಂದ ಬಂದ ಇಮೇಲುಗಳು ಎಷ್ಟೋ. ಹೆಚ್ಚಿನವುಗಳ ಸಾರ ಒಂದೇ: ನಮ್ಮ ಖಡ್ಗ ನಮಗೆ ಕೊಡಿ. ಇನ್ನು ಕೆಲವು ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ. ಎರಡೂ ನನ್ನ ಕೈಲಾಗದ ಕೆಲಸ.

ಒಂದೇ ಒಂದು ಕಾಗದ ಬೇರೆ ಥರ ಇತ್ತು. ಬರೆದವರು ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗಳಿಗೆ ಊರು ತೋರಿಸುವವರು. ಇಂಗ್ಲಿಷು ಅಷ್ಟಕ್ಕಷ್ಟೇ. ಅವರು ಬರೆದದ್ದು ಇದು: ಆ ಖಡ್ಗವನ್ನು ಬಹುಮಾನವಾಗಿ ಪಡೆದ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ನಾಯಕ. ಅದೇ ಬೇರ್ಡ್ 1780ರ ಪೊಳ್ಳಿಲೂರು ಕಾಳಗದಲ್ಲಿ ಸಿಕ್ಕಿಬಿದ್ದು ಇದೇ ಊರಿನಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಾಳಾಗಿದ್ದವನು. ‘ನಾನು ದಿನಾ ಜನರಿಗೆ ಸೆರೆಮನೆ ತೋರಿಸುತ್ತೇನೆ, ಕೋಟೆ ಒಡೆದ ಜಾಗವನ್ನೂ ತೋರಿಸುತ್ತೇನೆ. ಎರಡರ ನಡುವೆ ನಡೆದೇ ಹೋಗಬಹುದು. ಕೊಂಡವರಿಗೆ ಇದು ಗೊತ್ತೋ?’ ಎಂದು ಕೇಳಿದ್ದರು. ನೋಡಿ, ಇದು ಪಿಚ್. ವಸ್ತು, ಬೆಲೆ, ಅದರ ಹಿಂದೆ ಒಬ್ಬ ಮನುಷ್ಯನ ಹಗೆ, ಮತ್ತು ಅಲ್ಲಿಗೆ ಕಾಲು ಹಾಕಬಲ್ಲ ಒಬ್ಬ ಸಾಕ್ಷಿ. ಆ ಖಡ್ಗದ ಕೈದಾಟಿದ ಚರಿತ್ರೆಯ ಮೊದಲ ಅಧ್ಯಾಯ ನಡೆದದ್ದೇ ಅವರ ದಿನದ ದಾರಿಯಲ್ಲಿ.

ಖಡ್ಗದ್ದೇ ಇನ್ನೊಂದು ಮಾತು. ಅದೇ ವರ್ಷ ಅಕ್ಟೋಬರಿನಲ್ಲಿ ಟಿಪ್ಪುವಿನದೇ ಎಂದ ಮತ್ತೊಂದು ಖಡ್ಗ ಕ್ರಿಸ್ಟೀಸ್‌ಗೆ ಬಂತು, ಗಿರಾಕಿ ಸಿಗದೆ ಉಳಿಯಿತು. ನಮ್ಮ ಕಡೆಯಿಂದ ಒಂದು ಇಮೇಲೂ ಇಲ್ಲ! ಮಾರುಕಟ್ಟೆಯ ವರದಿಗಾರನಿಗೆ ಮಾರಾಟವಾಗದೆ ಉಳಿದದ್ದು ಮಾರಾಟವಾದದ್ದಷ್ಟೇ ದೊಡ್ಡ ಸುದ್ದಿ. ಐದು ತಿಂಗಳಲ್ಲಿ ಏನು ಬದಲಾಯಿತು? ಹಾಗೆಯೇ 2021ರಲ್ಲಿ ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿ ತಲೆಗಳಲ್ಲಿ ಒಂದು ಬ್ರಿಟನ್ ಬಿಟ್ಟು ಹೋಗದಂತೆ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ರಾಷ್ಟ್ರದ ಸಂಪತ್ತು ಕೈತಪ್ಪಬಾರದಂತೆ. ಯಾವ ರಾಷ್ಟ್ರದ್ದು ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ಆದರೆ ನನಗೆ ಬರೆಯುವಾಗ ಆ ಕೋಪವನ್ನು ಕೊನೆಗಿಟ್ಟುಕೊಂಡು, ಬೆಲೆ 15 ಲಕ್ಷ ಪೌಂಡ್, ತಡೆ ಯಾವ ತಿಂಗಳವರೆಗೆ, ಇಂಥದ್ದೇ ಇನ್ನೊಂದು ಎಲ್ಲಿದೆ, ಇದನ್ನು ಮೊದಲಿಗಿಡಿ. ಕೋಪ ಓದುಗನಿಗೆ ತಾನಾಗಿ ಬರುತ್ತದೆ.

ಈಗ ಫೋಟೊದ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸುಭಾಷ್ ಕಪೂರ್ ಎಂಬ ನ್ಯೂಯಾರ್ಕಿನ ವ್ಯಾಪಾರಿ. ತಮಿಳುನಾಡಿನ ಶ್ರೀಪುರಂದನ್ ಎಂಬ ಹಳ್ಳಿಯ ದೇವಸ್ಥಾನದಿಂದ ಕದ್ದ ಚೋಳರ ಕಾಲದ ನಟರಾಜ ಇವನ ಕೈಯಿಂದ 2008ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕೆ ಹೋಯಿತು. ಬೆಲೆ 50 ಲಕ್ಷ ಡಾಲರು. ಕಾಗದಪತ್ರವೆಲ್ಲ ಇತ್ತು, ಸುಳ್ಳು ಕಾಗದಪತ್ರ. ಅದನ್ನು ಮುರಿದದ್ದು ಯಾವುದು? ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದಶಕಗಳ ಹಿಂದೆ ದೇವಸ್ಥಾನ ದೇವಸ್ಥಾನ ಸುತ್ತಿ ತೆಗೆದಿಟ್ಟಿದ್ದ ಫೋಟೊಗಳು. ಕಳ್ಳತನದ ಸುದ್ದಿಗಾಗಿ ತೆಗೆದದ್ದಲ್ಲ, ಸುಮ್ಮನೆ ದಾಖಲೆಗೆಂದು ತೆಗೆದದ್ದು. ಸಂಗ್ರಹಾಲಯದ ವಿಗ್ರಹವನ್ನೂ ಆ ಫೋಟೊವನ್ನೂ ಪಕ್ಕಪಕ್ಕ ಇಟ್ಟಾಗ ಒಂದೊಂದು ಮುಕ್ಕೂ ಹೊಂದಿತು. 2014ರಲ್ಲಿ ನಟರಾಜ ವಾಪಸ್ ಬಂದ. ಕಪೂರ್‌ಗೆ 2022ರಲ್ಲಿ ಕುಂಭಕೋಣದ ನ್ಯಾಯಾಲಯ 10 ವರ್ಷ ಸಜೆ ಕೊಟ್ಟಿತು.

ಮಂಡ್ಯ ಜಿಲ್ಲೆಯಲ್ಲಿ ಹೊಯ್ಸಳರ ಗುಡಿಗಳಿರುವ ಬಸರಾಳು ಇದೆ, ಹೊಸಹೊಳಲು ಇದೆ, ಕಿಕ್ಕೇರಿ ಇದೆ. ಗದ್ದೆ ಬದುವಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ವೀರಗಲ್ಲುಗಳು ಎಷ್ಟಿವೆಯೋ. ಬಿಡುವಿದ್ದ ಭಾನುವಾರ ಹೋಗಿ ಫೋಟೊ ತೆಗೆಯಿರಿ. ಮುಂದೆ, ಹಿಂದೆ, ಪಕ್ಕ, ಮುಕ್ಕಾದ ಮೂಗು, ಪಾದದ ಕೆಳಗಿನ ಅಕ್ಷರ. ತಾರೀಖು ಬರೆದಿಡಿ. ಊರ ಹೆಸರು ಹಾಕಿ ಅಂತರ್ಜಾಲಕ್ಕೆ ಎಸೆಯಬೇಡಿ, ಕಳ್ಳನಿಗೆ ಅದು ಕ್ಯಾಟಲಾಗು ಆಗುತ್ತದೆ. ಇಟ್ಟುಕೊಳ್ಳಿ. ಹತ್ತು ವರ್ಷದ ನಂತರ ಯಾವುದೋ ಹರಾಜಿನ ಪಟ್ಟಿಯಲ್ಲಿ ಆ ಮುಕ್ಕಾದ ಮೂಗು ಕಂಡರೆ ನಿಮ್ಮ ಬಳಿ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲದ ಉತ್ತರ ಇರುತ್ತದೆ. ಆದರೆ ಮೊದಲು ಪೊಲೀಸರಿಗೂ ಪುರಾತತ್ವ ಇಲಾಖೆಗೂ ಹೇಳಿ, ಆಮೇಲೆ ನನಗೆ. ನಾನು ಕಳ್ಳನನ್ನು ಹಿಡಿಯಲಾರೆ.

ಗೊತ್ತಿದೆ ಅಂದುಕೊಂಡದ್ದೇ ತಪ್ಪಾಗುವುದೂ ಉಂಟು. ನನ್ನದೇ ಮರ್ಯಾದೆ ಹೋದ ಕಥೆ. ವೃತ್ತಿಗೆ ಬಂದ ಹೊಸತು. ರವಿವರ್ಮನ ಬೆಲೆ ಏರುತ್ತಿದೆ ಎಂಬ ಲೇಖನಕ್ಕೆ ಊರ ಅಭಿಮಾನದಿಂದ ಒಂದು ಸಾಲು ಸೇರಿಸಿದೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಸುಪ್ರಸಿದ್ಧ ‘ದೀಪ ಹಿಡಿದ ಮಹಿಳೆ’. ಚಿಕ್ಕವನಿದ್ದಾಗ ಶಾಲೆಯ ಪ್ರವಾಸದಲ್ಲಿ ಮೇಷ್ಟ್ರು ಹೇಳಿದ್ದು ಹಾಗೇ. ಆ ಚಿತ್ರ ರವಿವರ್ಮನದಲ್ಲ, ಎಸ್.ಎಲ್. ಹಳದಣಕರ್ ಅವರದು. ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಕೈಯಲ್ಲಿ ದೀಪ ಹಿಡಿದು ನಿಂತದ್ದು ಅವರ ಮಗಳು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಇದು 1940ರ ದಶಕದ ಚಿತ್ರ. ಪತ್ರಿಕೆ ತಿದ್ದುಪಡಿ ಹಾಕಿತು. ತಪ್ಪು ತೋರಿಸಿ ಬರೆದವರು ಕೆನಡಾದಲ್ಲಿರುವ ಮೈಸೂರಿನ ಹೆಂಗಸು. ಕೊನೆಯ ಸಾಲು ಇವತ್ತಿಗೂ ಬಾಯಿಪಾಠ: ‘ಊರಿನವನಾಗಿ ಇಷ್ಟೂ ಗೊತ್ತಿಲ್ಲವೇನಪ್ಪಾ?’ ಅವತ್ತಿನಿಂದ ಮೇಷ್ಟ್ರು ಹೇಳಿದ್ದೆಂದರೂ ಒಮ್ಮೆ ಹೋಗಿ ಚಿತ್ರದ ಕೆಳಗಿನ ಚೀಟಿ ಓದುತ್ತೇನೆ.

ರವಿವರ್ಮನ ಹೆಸರು ಬಂತಲ್ಲ, ಅಗ್ರಹಾರದ ಹಳೇ ಮನೆಗಳವರು ಯಾರಾದರೂ ಇಲ್ಲಿದ್ದರೆ ಕೇಳಿ. ತಿಂಗಳಿಗೊಂದು ಮೇಲ್ ಬರುತ್ತದೆ ನನಗೆ. ತಾತನ ಕಾಲದ ಚಿತ್ರ ಇದೆ, ಲಂಡನ್ನಿನಲ್ಲಿ ಎಷ್ಟು ಬರುತ್ತದೆ, ಯಾರನ್ನಾದರೂ ತೋರಿಸಿಕೊಡಿ. ನಾನು ದಲ್ಲಾಳಿಯಲ್ಲ. ಬೆಲೆ ಹೇಳಿದ ದಿನ ನನ್ನ ಕೆಲಸ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಚಿತ್ರ, ವಿಗ್ರಹಗಳನ್ನು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ. ರವಿವರ್ಮ, ಅಮೃತಾ ಶೇರ್ ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಮೊದಲಾದ ಒಂಬತ್ತು ಕಲಾವಿದರ ಕೃತಿಗಳಿಗೂ ಅದೇ ಕಟ್ಟು. ದೇಶದೊಳಗೆ ಮಾರಬಹುದು, ಗಡಿ ದಾಟುವಂತಿಲ್ಲ. ಶೇರ್ ಗಿಲ್‌ರ ಒಂದು ಚಿತ್ರ 2023ರಲ್ಲಿ 61.8 ಕೋಟಿ ರೂಪಾಯಿಗೆ ಹೋದದ್ದು ದೆಹಲಿಯಲ್ಲೇ. ಈ ಕಾಯ್ದೆಯಿಂದ ಬೆಲೆ ಇಳಿಯುತ್ತದೋ ಏರುತ್ತದೋ ಎಂಬುದು ನಮ್ಮ ಕ್ಷೇತ್ರದಲ್ಲಿ ಮುಗಿಯದ ಜಗಳ. ಆ ಜಗಳಕ್ಕೆ ಹೊಸ ದಾಖಲೆ ಇದ್ದರೆ ತನ್ನಿ, ಅದು ಸುದ್ದಿ.

ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆಯುವವರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ನೀವು ಕಳಿಸುವ ಕಾಗದ ಯಾವಾಗಲೂ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಶುರುವಾಗುತ್ತದೆ. ವಿಜಯನಗರದಿಂದ ಶುರುವಾದದ್ದೂ ಇದೆ. ನಾಲ್ಕನೇ ಪ್ಯಾರಾಕ್ಕೆ ಬಂದರೂ ನಾವಿನ್ನೂ ಹತ್ತೊಂಬತ್ತನೇ ಶತಮಾನದಲ್ಲೇ ಇರುತ್ತೇವೆ. ಇದರ ಬದಲು ಹೀಗೊಂದು ಕಾಗದ ಕಲ್ಪಿಸಿಕೊಳ್ಳಿ:

‘ಮುಂದಿನ ತಿಂಗಳು ಲಂಡನ್ನಿನಲ್ಲಿ ಹರಾಜಿಗೆ ಬರುವ ಈ ಚಿತ್ರವನ್ನು ಕ್ಯಾಟಲಾಗಿನಲ್ಲಿ ತಂಜಾವೂರು ಎಂದಿದ್ದಾರೆ. ಇದು ಮೈಸೂರು ಶೈಲಿಯದು. ಚಿನ್ನದ ರೇಕಿನ ಕೆಳಗಿನ ಉಬ್ಬು ತೀರಾ ತೆಳುವಾಗಿದೆ, ತಂಜಾವೂರಿನದಾದರೆ ದಪ್ಪ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪೀಠದ ಕೆಳಗೆ ಕನ್ನಡದಲ್ಲಿ ಎರಡು ಸಾಲಿದೆ. ಅವರು ಓದಿಲ್ಲ, ನಾನು ಓದಿದ್ದೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಫೋಟೊ ಲಗತ್ತಿಸಿದೆ. ಈ ಚಿತ್ರದಲ್ಲಿ ನನಗೆ ಯಾವ ಲಾಭವೂ ಇಲ್ಲ. ಬೇರೆ ಯಾರಿಗೂ ಬರೆದಿಲ್ಲ.’

ಇಂಥ ಕಾಗದ ಬಂದರೆ ನಾನು ಊಟ ಬಿಟ್ಟು ಎದ್ದು ಫೋನ್ ಮಾಡುತ್ತೇನೆ. ಕನ್ನಡ ಓದಲು ಬರುವುದೂ ಒಂದು ಬಂಡವಾಳ ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಹರಾಜು ಮನೆಗಳಲ್ಲಿ ಸಂಸ್ಕೃತ, ಪರ್ಷಿಯನ್ ಓದುವವರು ಸುಲಭವಾಗಿ ಸಿಗುತ್ತಾರೆ. ಹಳೇ ಮೋಡಿ ಕೈಬರಹದ ಕನ್ನಡ ಓದುವವರನ್ನು ನಾನು ಅಲ್ಲಿ ಕಂಡಿಲ್ಲ.

‘ನನಗೆ ಯಾವ ಲಾಭವೂ ಇಲ್ಲ’ ಎಂಬ ಸಾಲನ್ನು ಗಮನಿಸಿದಿರಾ? ಲಾಭ ಇದ್ದರೆ ‘ಇದೆ’ ಎಂದು ಬರೆಯಿರಿ. ಅದರಿಂದ ಸುದ್ದಿ ಸಾಯುವುದಿಲ್ಲ. ಮುಚ್ಚಿಟ್ಟರೆ ಸಾಯುತ್ತದೆ. ಒಬ್ಬ ಗ್ಯಾಲರಿ ಮಾಲೀಕರು, ಊರು ಬೇಡ, ಮರೆತುಹೋದ ಒಬ್ಬ ಹಿರಿಯ ಕಲಾವಿದರನ್ನು ಜಗತ್ತು ಮತ್ತೆ ಕಂಡುಕೊಳ್ಳುತ್ತಿದೆ ಎಂದು ನನಗೆ ಬರೆದರು. ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು. ಎರಡು ಹರಾಜುಗಳಲ್ಲಿ ಬೆಲೆ ಏರಿದ್ದೂ ನಿಜ. ನಾನು ಅರ್ಧ ಬರೆದಿದ್ದೆ. ಆಮೇಲೆ ಗೊತ್ತಾಯಿತು, ಆ ಕಲಾವಿದರ ಮನೆಯವರಿಂದ ನಲವತ್ತು ಚಿತ್ರಗಳನ್ನು ಒಟ್ಟಿಗೇ ಕೊಂಡವರು ಇವರೇ, ಆ ಎರಡೂ ಹರಾಜಿನಲ್ಲಿ ಬೆಲೆ ಏರಿಸುತ್ತ ಕೈ ಎತ್ತಿದ್ದು ಇವರ ಷಡ್ಡಕ. ಜಗತ್ತು ಎಂದರೆ ಷಡ್ಡಕ! ಆ ಕಲಾವಿದರ ಬಗ್ಗೆ ಇನ್ನು ಮುಂದೆ ನನ್ನ ಸಂಪಾದಕರ ಮುಂದೆ ಬಾಯಿ ಬಿಡುವುದೇ ಕಷ್ಟವಾಯಿತು. ಪಾಪ, ಅವರ ತಪ್ಪೇನಿತ್ತು? ಮೊದಲೇ ‘ನನ್ನ ಬಳಿ ನಲವತ್ತಿದೆ’ ಎಂದಿದ್ದರೆ ಅದನ್ನೂ ಸೇರಿಸಿ ಬರೆಯುತ್ತಿದ್ದೆ.

ಸಮಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನ್ಯೂಯಾರ್ಕಿನ ದೊಡ್ಡ ಹರಾಜುಗಳು ಮೇ ಮತ್ತು ನವೆಂಬರಿನಲ್ಲಿ, ಅಲ್ಲಿ ನಮ್ಮ ದೇಶದ ಕಲೆಯ ಹರಾಜು ಸಾಮಾನ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಬಾಸೆಲ್ ಮೇಳ ಜೂನ್‌ನಲ್ಲಿ, ಲಂಡನ್ನಿನ ಫ್ರೀಜ್ ಮೇಳ ಅಕ್ಟೋಬರಿನಲ್ಲಿ. ಆ ವಾರಗಳಲ್ಲಿ ಬರೆದರೆ ನಿಮ್ಮ ಮೇಲ್ ತಳಕ್ಕೆ ಹೋಗುತ್ತದೆ. ಮೂರು ವಾರ ಮುಂಚೆ ಬರೆಯಿರಿ. ಎಂಬಾರ್ಗೋ, ಅಂದರೆ ‘ಇಂಥ ದಿನದವರೆಗೆ ಪ್ರಕಟಿಸಬೇಡಿ’ ಎಂಬ ಕರಾರು, ನಾನು ಒಪ್ಪಿದ ಮೇಲೆ ಮಾತ್ರ ಕರಾರು. ಇಮೇಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಇಡೀ ವಿಷಯ ಕೆಳಗೆ ಸುರಿದರೆ ಅದು ನಿಮ್ಮ ಆಸೆ, ಅಷ್ಟೇ. ಹೆಸರು ಹಾಕಬೇಡಿ ಎನ್ನುವುದೂ ಹಾಗೇ, ಹೇಳುವ ಮುಂಚೆ ಕೇಳಿಕೊಳ್ಳಿ. ಎಲ್ಲ ಹೇಳಿ ಮುಗಿಸಿ ‘ಇದು ನಮ್ಮಿಬ್ಬರಲ್ಲೇ ಇರಲಿ ಸಾರ್’ ಎಂದರೆ ನಾನೇನು ಮಾಡಲಿ? ಒಂದೇ ಕಥೆಯನ್ನು ಐದು ಜನಕ್ಕೆ ‘ನಿಮಗೊಬ್ಬರಿಗೇ’ ಎಂದು ಕಳಿಸಬೇಡಿ. ನಾವು ಐವರೂ ಸಂಜೆ ಒಂದೇ ಕಡೆ ಕೂತು ಕುಡಿಯುವವರು.

ಮತ್ತೆ ಈ ಶಾಲು, ಹಾರ, ಪೇಟ. ಒಮ್ಮೆ ಇಲ್ಲಿಗೆ ಬಂದಾಗ ಒಂದು ಕಲಾ ಸಂಘದವರು ಪ್ರೀತಿಯಿಂದ ಮೈಸೂರು ಪೇಟ ತೊಡಿಸಿ, ಎರಡು ಕೆಜಿ ಮೈಸೂರು ಪಾಕು ಕೊಟ್ಟು, ಜೊತೆಗೆ ಒಂದು ಚಿತ್ರವನ್ನೂ ಕೊಟ್ಟರು. ಪೇಟ ತೊಟ್ಟೆ. ಪಾಕು ತಿಂದೆ, ಸುಳ್ಳು ಯಾಕೆ. ಚಿತ್ರ ವಾಪಸ್ ಕೊಟ್ಟೆ. ಅವರಿಗೆ ಬೇಜಾರಾಯಿತು, ಅಹಂಕಾರ ಅಂದುಕೊಂಡರು. ಬೆಲೆಯ ಬಗ್ಗೆ ಬರೆಯುವವನ ಮನೆಯ ಗೋಡೆಯ ಮೇಲೆ ನಿಮ್ಮ ಚಿತ್ರವಿದ್ದರೆ ನಿಮ್ಮ ಬಗ್ಗೆ ಅವನು ಮುಂದೆಂದೂ ಬರೆಯುವಂತಿಲ್ಲ. ಅದನ್ನು ಆವತ್ತು ಅವರಿಗೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ, ಪೇಟ ಬೇರೆ ಕಣ್ಣಿಗೆ ಜಾರುತ್ತಿತ್ತು.

ಒಬ್ಬ ವಿದ್ಯಾರ್ಥಿ ಚೀಟಿ ಕಳಿಸಿದ್ದಾರೆ: ‘ನಮ್ಮ ಬಳಿ ಖಡ್ಗವೂ ಇಲ್ಲ, ರವಿವರ್ಮನೂ ಇಲ್ಲ. ಏನು ಬರೆಯುವುದು?’

ಎಂ.ಎಫ್. ಹುಸೇನರ ‘ಗ್ರಾಮ ಯಾತ್ರೆ’ ಗೊತ್ತಲ್ಲ. 1954ರ ಚಿತ್ರ, ಸುಮಾರು 14 ಅಡಿ ಉದ್ದ. 2025ರ ಮಾರ್ಚ್ 19ರಂದು ನ್ಯೂಯಾರ್ಕಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೆ, ಅಂದರೆ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಅಲ್ಲಿಯವರೆಗೆ ದಶಕಗಳ ಕಾಲ ಅದು ಇದ್ದದ್ದು ಓಸ್ಲೊದ ಒಂದು ಆಸ್ಪತ್ರೆಯ ಗೋಡೆಯ ಮೇಲೆ. ದೆಹಲಿಗೆ ಬಂದಿದ್ದ ವೈದ್ಯರೊಬ್ಬರು ಕೊಂಡೊಯ್ದು ಆಸ್ಪತ್ರೆಗೆ ಬಿಟ್ಟುಹೋಗಿದ್ದರು. ಆ ಓಣಿಯಲ್ಲಿ ದಿನಾ ಎಷ್ಟು ಡಾಕ್ಟರು, ಎಷ್ಟು ನರ್ಸು ಓಡಾಡಿರಬೇಕು. ಬಳಿಯಲ್ಲಿ ಏನಿದೆ ಎಂದು ಯೋಚಿಸಬೇಡಿ, ಕಣ್ಣೆದುರು ಏನು ಹಾದುಹೋಗುತ್ತಿದೆ ನೋಡಿ.

ನಾನೇ ಈಗ ಹಿಡಿದು ಕೂತಿರುವ ಕಥೆ ಹೇಳಿಬಿಡುತ್ತೇನೆ, ಕದಿಯಬೇಡಿ. ಮೈಸೂರಿನ ಹಳೇ ಬೀದಿಯೊಂದರಲ್ಲಿ ಫೋಟೊಗೆ ಕಟ್ಟು ಹಾಕುವ ಅಂಗಡಿ ಇದೆ. ಮೂರು ತಲೆಮಾರಿನದು. ಈ ಊರಿನ ಮನೆಮನೆಯ ಹಳೇ ಚಿತ್ರಗಳು ಗಾಜು ಒಡೆದಾಗ, ಗೆದ್ದಲು ಹಿಡಿದಾಗ, ಅಣ್ಣತಮ್ಮಂದಿರು ಭಾಗವಾದಾಗ ಅಲ್ಲಿಗೆ ಬಂದಿವೆ. ಅವರ ತಾತ ಪ್ರತಿಯೊಂದನ್ನೂ ಬಿಲ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಯಾವ ದೇವರು, ಎಷ್ಟು ಅಂಗುಲ, ಯಾರ ಮನೆಯದು, ತಾರೀಖು. ಗಾಜಿನ ಲೆಕ್ಕಕ್ಕಾಗಿ ಬರೆದದ್ದು. ಹೊರದೇಶದ ಮೂರು ಕ್ಯಾಟಲಾಗುಗಳಲ್ಲಿ ‘1960ಕ್ಕೆ ಮುಂಚೆಯೇ ಭಾರತ ಬಿಟ್ಟದ್ದು’ ಎಂದು ಹಾಕಿರುವ ಕೆಲವು ಮೈಸೂರು ಚಿತ್ರಗಳಿವೆ. ಅವುಗಳ ಅಳತೆ ನನ್ನ ಬಳಿ ಇದೆ, 1960ರ ನಂತರದ ಬಿಲ್ಲಿನಲ್ಲೂ ಅದೇ ಅಳತೆ ಸಿಕ್ಕೀತೇ ನೋಡಬೇಕು.

ಅಂಗಡಿಯವರಿಗೆ ಕೇಳಿದೆ, ಆ ಪುಸ್ತಕಗಳನ್ನು ನೋಡಬಹುದೇ ಎಂದು. “ಅದ್ರಲ್ಲೇನಿದೆ ಸ್ವಾಮಿ, ಗಾಜಿನ್ ಲೆಕ್ಕ” ಅಂದರು. ಅಟ್ಟದ ಮೇಲೆ ಗೋಣಿಚೀಲದಲ್ಲಿವೆಯಂತೆ. ಮಂಗಳವಾರ ಅಂಗಡಿಗೆ ರಜ, ಅವತ್ತು ಬನ್ನಿ, ಏಣಿ ಹಾಕಿಸುತ್ತೇನೆ ಎಂದಿದ್ದಾರೆ.